ಹಿಂದಿನ ಗ್ಲಾಸ್ ಇಳಿಯೋ ಕಾರು

ಹೋದ ಏಪ್ರಿಲ್‌ನಲ್ಲಿ ಅಪ್ಪ ಅಮ್ಮನ್ನ ಕೂರಿಸಿಕೊಂಡು ಮೈಸೂರಿಗೆ ಹೊರಟಿದ್ದೆ, ನೆಂಟರ ಮದುವೆ, ಹನ್ನೊಂದೂವರೆಗೆ ಮುಹೂರ್ತ. ಕೆಂಗೇರಿ ದಾಟಿ ಕಣಿಮಿಣಿಕೆ ಟೋಲ್ ಹತ್ರ ಹೋಗೋ ಹೊತ್ತಿಗೆ ಎಸಿ ಕೈ ಕೊಡ್ತು. ಮೊದ್ಲು ತಣ್ಣಗಿಲ್ಲದ ಗಾಳಿ ಬಂತು, ಆಮೇಲೆ ಬಿಸಿ ಗಾಳಿ, ಗ್ಯಾಸ್ ಖಾಲಿ ಆಗಿದೆ ಅಂತ ಗೊತ್ತಾಯ್ತು, ಹದಿನೈದು ದಿನದ ಹಿಂದಷ್ಟೇ ಒಂದು ಕಡೆ ದುಡ್ಡು ಕೊಟ್ಟು ತುಂಬಿಸಿದ್ದ ಗ್ಯಾಸ್ ಅದು. ನಾಲ್ಕೂ ಕಿಟಕಿ ಇಳಿಸಿದ್ವಿ. ಕ್ಯೂ ನಿಂತಲ್ಲೇ ನಿಂತಿತ್ತು, ಮುಂದೆ ಯಾರದ್ದೋ ಫಾಸ್ಟ್‌ಟ್ಯಾಗ್ ಓದ್ತಾ ಇರಲಿಲ್ಲ, ಎಲ್ಲರೂ ಹಾರ್ನ್ ಹೊಡೀತಿದ್ರು. ಹಿಂದಿನ ಸೀಟಲ್ಲಿ ಅಮ್ಮ ಲಗ್ನಪತ್ರಿಕೆಯಲ್ಲಿ ಗಾಳಿ ಬೀಸ್ಕೋತಾ ಕೂತಿದ್ರು, ಮೈಮೇಲೆ ರೇಷ್ಮೆ ಸೀರೆ ಬೇರೆ. ಆಗ ಅಪ್ಪ ಅಂದ್ರು, "ಮುಂದೆ ಕೂತೋರಿಗೆ ಹೆಂಗೋ ಗಾಳಿ ಸಿಗುತ್ತೆ ಕಣೋ. ಹಿಂದೆ ಕೂತೋರ ಪಾಡು ಹಿಂದೆ ಕೂತಾಗ್ಲೇ ಗೊತ್ತಾಗೋದು."

ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರು ಹೇಳಿದ ಮಾತು ಅದು. ನನಗೆ ತಕ್ಷಣ ನೆನಪಾಗಿದ್ದು ನಾನು ಯಾವತ್ತೂ ಕಣ್ಣಾರೆ ನೋಡದೇ ಇರೋ ಒಂದು ಕಾರು. ಮರ್ಕ್ಯುರಿ ಟರ್ನ್‌ಪೈಕ್ ಕ್ರೂಸರ್. 1957ರ ಮಾಡೆಲ್ ಆಗಿ ಅಮೆರಿಕದಲ್ಲಿ ಬಂತು, 1958ರ ಮಾಡೆಲ್ ಮುಗಿಯೋಷ್ಟರಲ್ಲಿ ಹೋಯ್ತು, ಎರಡೇ ವರ್ಷ. ಆ ಕಾರಿನ ಹಿಂದಿನ ಗ್ಲಾಸು, ಅಂದ್ರೆ ಬಾಗಿಲಿಂದಲ್ಲ, ಡಿಕ್ಕಿ ಮೇಲಿರುತ್ತಲ್ಲ ಆ ದೊಡ್ಡ ಗ್ಲಾಸು, ಸ್ವಿಚ್ ಒತ್ತಿದ್ರೆ ಕೆಳಗಿಳೀತಿತ್ತು. ಅವತ್ತಿನ ಕಾಲಕ್ಕೇ ಮೋಟರ್ ಇಟ್ಟು ಮಾಡಿದ್ರು. ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ, ಆ ಟೋಲ್ ಕ್ಯೂನಲ್ಲಿ ಕೂತು ಅಮ್ಮನ ಮುಖ ಕನ್ನಡಿಯಲ್ಲಿ ನೋಡಿದ ಮೇಲೆ ಇನ್ನು ತಡ ಮಾಡಬಾರದು ಅನ್ನಿಸ್ತು.

ನನಗೆ ಈ ಗ್ಲಾಸಿನ ಮೇಲೆ ಯಾಕಿಷ್ಟು ಪ್ರೀತಿ ಅಂತ ಹೇಳ್ಬೇಕು. ಅಪ್ಪಂದು ಟೂರಿಸ್ಟ್ ಟ್ಯಾಕ್ಸಿ, ಬಿಳಿ ಅಂಬಾಸಿಡರ್. ಬಾಡಿಗೆ ಇಲ್ಲದ ದಿನ ನಮ್ಮನ್ನ ಮೈಸೂರಿಗೆ ಅಜ್ಜಿ ಮನೆಗೆ ಕರ್ಕೊಂಡು ಹೋಗ್ತಿದ್ರು, ಎಂಬತ್ತರ ದಶಕದ ಮಾತು. ಆಗಿನ ಮೈಸೂರು ರಸ್ತೆ ಈಗಿನ ಹಾಗಲ್ಲ, ಎದುರಿಂದ ಲಾರಿ ಬಂದ್ರೆ ಒಂದು ಚಕ್ರ ಮಣ್ಣಿಗಿಳಿಸಬೇಕು, ಮಂಡ್ಯ ಬಂದ್ರೆ ಕಬ್ಬಿನ ಗಾಡಿ ಸಾಲು, ಆದ್ರೆ ಎರಡೂ ಕಡೆ ಮರ ಇತ್ತು. ಅಂಬಾಸಿಡರ್‌ನಲ್ಲಿ ಮುಂದಿನ ಬಾಗಿಲಿಗೆ ಒಂದು ತ್ರಿಕೋನ ಗ್ಲಾಸ್ ಇರ್ತಿತ್ತು, ನೋಡಿದವರಿಗೆ ಗೊತ್ತಿರುತ್ತೆ, ಸಣ್ಣ ಚಿಲಕ ತೆಗೆದು ತಿರುಗಿಸಿದ್ರೆ ಗಾಳಿ ನೇರ ಎದೆಗೆ ಬಡೀತಿತ್ತು. ಆ ಸುಖ ಮುಂದಿನವರಿಗೆ ಮಾತ್ರ. ಹಿಂದೆ ನಾನು, ಅಕ್ಕ, ಅಮ್ಮ. ನಮ್ಮ ಕಾರಲ್ಲಿ ಎಡಗಡೆ ಹಿಂದಿನ ಬಾಗಿಲ ಗ್ಲಾಸ್ ಹಿಡಿ ಕಿತ್ತುಹೋಗಿತ್ತು, ಬರೀ ಹಲ್ಲು ಹಲ್ಲಾಗಿರೋ ಕಬ್ಬಿಣದ ಮೊಳೆ ಹೊರಗೆ ಕಾಣ್ತಿತ್ತು, ಹಿಡಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇರ್ತಿತ್ತು, ಬೇಕಾದಾಗ ಅಪ್ಪ ಹಿಂದಕ್ಕೆ ಕೊಡೋರು, ನಾವು ಸಿಕ್ಕಿಸಿ ತಿರುಗಿಸಿ ವಾಪಸ್ ಕೊಡಬೇಕು. ಇನ್ನೊಂದು ಕಡೆ ಕಿಟಕಿ ಧೂಳು ಅಂತ ಅಮ್ಮ ಮುಕ್ಕಾಲು ಏರಿಸಿಡೋರು. ರೆಕ್ಸಿನ್ ಸೀಟಿಗೆ ತೊಡೆ ಅಂಟ್ಕೊಳ್ತಿತ್ತು. ತಲೆ ಹಿಂದೆ ಆ ಗ್ಲಾಸು, ಬಿಸಿಲು ನೇರ ಕತ್ತಿಗೆ. ಕೈ ಇಟ್ರೆ ಸುಡ್ತಿತ್ತು. ರಾಮನಗರ ದಾಟೋಷ್ಟರಲ್ಲಿ ಅಮ್ಮನಿಗೆ ವಾಂತಿ, ಅದು ತಪ್ತಾ ಇರಲಿಲ್ಲ, ಅಪ್ಪ ಮರದ ಕೆಳಗೆ ನಿಲ್ಲಿಸೋರು, ನೀರು ಕೊಡೋರು, ಒದ್ದೆ ಟವೆಲ್ ಕಿಟಕಿಗೆ ಕಟ್ಟೋರು.

ಒಂದ್ಸಲ ಕೇಳಿದ್ದೆ, "ಅಪ್ಪ, ಈ ಹಿಂದಿನ ಗ್ಲಾಸ್ ಯಾಕೆ ಇಳಿಯಲ್ಲ?" ಅಪ್ಪ ನಗಲಿಲ್ಲ. "ಅದು ಇಳಿಯೋ ಗ್ಲಾಸ್ ಅಲ್ಲ ಕಣೋ, ರಬ್ಬರ್ ಬೀಡಿಂಗ್ ಹಾಕಿ ಕೂರ್ಸಿರೋದು, ಯಾವ ಗಾಡೀಲೂ ಇಳಿಯಲ್ಲ" ಅಂದ್ರು.

ಅದಾಗಿ ಇಪ್ಪತ್ತೈದು ವರ್ಷ ಆದ್ಮೇಲೆ ಒಂದು ಭಾನುವಾರ ಅವೆನ್ಯೂ ರೋಡಲ್ಲಿ ಹಳೇ ಪುಸ್ತಕದ ರಾಶಿ ಕೆದಕ್ತಾ ಇದ್ದೆ, ಅಲ್ಲಿ ಅಮೆರಿಕದ ಒಂದು ಹಳೇ ವಾರಪತ್ರಿಕೆ ಸಿಕ್ತು, ಮುಖಪುಟ ಇಲ್ಲ, ಅಂಚೆಲ್ಲ ಗೆದ್ದಲು ತಿಂದಿದೆ. ಅದರ ನಡುವೆ ಎರಡು ಪುಟದ ಬಣ್ಣದ ಜಾಹೀರಾತು. ಕಾರನ್ನ ಹಿಂದಿನಿಂದ ತೋರಿಸಿದ್ದಾರೆ, ಉದ್ದಾನುದ್ದ, ಹಿಂದಿನ ಎರಡೂ ಕಡೆ ಬಂಗಾರದ ಬಣ್ಣದ ಪಟ್ಟಿ, ಮತ್ತೆ ಗ್ಲಾಸ್ ಇರಬೇಕಾದ ಜಾಗದಲ್ಲಿ ಗ್ಲಾಸ್ ಇಲ್ಲ, ಒಳಗೆ ಕೂತಿರೋ ಹೆಂಗಸಿನ ಸ್ಕಾರ್ಫ್ ಹಾರ್ತಾ ಇದೆ. ನಾನು ಅಲ್ಲೇ ಫುಟ್‌ಪಾತಲ್ಲಿ ಕುಕ್ಕರಗಾಲಲ್ಲಿ ಕೂತು ಓದಿದೆ. ಇಳಿಯೋ ಗ್ಲಾಸು! ಯಾವ ಗಾಡೀಲೂ ಇಳಿಯಲ್ಲ ಅಂತ ಅಪ್ಪ ಹೇಳಿದ್ದಕ್ಕೆ ಮೂವತ್ತು ವರ್ಷ ಮುಂಚೇನೇ ಒಂದು ಗಾಡೀಲಿ ಇಳೀತಿತ್ತು. ನೂರೈವತ್ತು ಕೇಳಿದ, ಚೌಕಾಸಿ ಮಾಡದೆ ಕೊಟ್ಟೆ. ಅವತ್ತಿಂದ ಈ ಕಾರಿನ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದಿದೀನಿ.

ಮೊದಲು ಹೆಸರು ನೋಡಿ. ಟರ್ನ್‌ಪೈಕ್ ಅಂದ್ರೆ ಟೋಲ್ ರೋಡು. ಹಿಂದಿನ ಕಾಲದಲ್ಲಿ ರಸ್ತೆಗೆ ಅಡ್ಡ ಈಟಿ ಥರದ ಕಂಬಿ ಇಟ್ಟಿರೋರು, ಸುಂಕ ಕೊಟ್ರೆ ಅದನ್ನ ತಿರುಗಿಸಿ ದಾರಿ ಬಿಡೋರು, ಅದಕ್ಕೇ ಆ ಹೆಸರು. ನಮ್ಮ ಸುಂಕದಕಟ್ಟೆ ಇದ್ದ ಹಾಗೆ. ಸುಂಕದಕಟ್ಟೆ ಹೆಸರಿಟ್ಟು ಯಾರಾದ್ರೂ ಕಾರು ಮಾರ್ತಾರಾ ಅಂತ ಈಗ ನಮಗೆ ಅನ್ನಿಸಬಹುದು, ಆದ್ರೆ ಆ ಕಾಲದ ಅಮೆರಿಕದವರಿಗೆ ಟರ್ನ್‌ಪೈಕ್ ಅಂದ್ರೆ ಹೆಮ್ಮೆ. 1940ರ ಅಕ್ಟೋಬರ್ 1ಕ್ಕೆ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಶುರುವಾಯ್ತು, 160 ಮೈಲಿ, ಗುಡ್ಡ ಕೊರೆದು ಸುರಂಗ ಮಾಡಿ ಹಾಕಿದ ರಸ್ತೆ, ಒಂದು ಸಿಗ್ನಲ್ ಇಲ್ಲ, ಅಡ್ಡ ರಸ್ತೆ ಇಲ್ಲ. ಯುದ್ಧ ಮುಗಿದ ಮೇಲೆ ನ್ಯೂಜೆರ್ಸಿ, ಒಹಾಯೊ, ಇಂಡಿಯಾನಾ ಎಲ್ಲ ರಾಜ್ಯಗಳೂ ಟೋಲ್ ರೋಡ್ ಹಾಕ್ತಾ ಹೋದವು, 1956ರ ಕೊನೆಗೆ ನ್ಯೂಯಾರ್ಕಿಂದ ಶಿಕಾಗೋ ಹತ್ರದ ತನಕ ಇವು ಒಂದಕ್ಕೊಂದು ಸೇರಿಕೊಂಡವು. ಅದೇ ವರ್ಷ ಜೂನ್ 29ಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದ್ರು, 41,000 ಮೈಲಿ, 2,500 ಕೋಟಿ ಡಾಲರ್. ಇಡೀ ದೇಶಕ್ಕೇ ರಸ್ತೆ ಹುಚ್ಚು ಹಿಡಿದಿತ್ತು. 2023ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಾಗ ಜನ ಹೆಂಗೆ ಬರೀ ರಸ್ತೆ ನೋಡೋಕೇಂತ ಕಾರ್ ತಗೊಂಡು ಹೋದ್ರು, ವಿಡಿಯೋ ಮಾಡಿದ್ರು, ಒಂದೂವರೆ ಗಂಟೆಗೆ ಮೈಸೂರು ಅಂತ ಎಲ್ಲರೂ ಹೇಳ್ಕೊಂಡು ತಿರುಗಿದ್ರು ನೆನಪಿದೆಯಲ್ಲ, ಆ ಉತ್ಸಾಹವನ್ನ ಒಂದು ದೇಶದಷ್ಟು ದೊಡ್ಡದು ಮಾಡಿ ನೋಡಿ. ಆ ಗಾಳಿಯಲ್ಲಿ ಹುಟ್ಟಿದ ಹೆಸರು ಇದು.

ಮರ್ಕ್ಯುರಿ ಅನ್ನೋದು ಫೋರ್ಡ್ ಕಂಪನಿಯದ್ದೇ ಬ್ರ್ಯಾಂಡು. ಹೆನ್ರಿ ಫೋರ್ಡ್ ಮಗ ಎಡ್ಸೆಲ್ ಫೋರ್ಡ್ 1938ರ ಕೊನೆಯಲ್ಲಿ ಶುರು ಮಾಡಿಸಿದ್ದು, ಸಾಮಾನ್ಯರ ಫೋರ್ಡ್‌ಗೂ ಸಾಹುಕಾರರ ಲಿಂಕನ್‌ಗೂ ಮಧ್ಯೆ. ಐವತ್ತರ ದಶಕದ ನಡುವಲ್ಲಿ ಇದನ್ನ ಮೇಲೆತ್ತಬೇಕು ಅಂತ ಹೊರಟವರು ಜ್ಯಾಕ್ ರೀತ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಲೆಕ್ಕಾಚಾರ ನೋಡ್ಕೋತಿದ್ದ ಹತ್ತು ಜನ ಯುವಕರು 1946ರಲ್ಲಿ ಒಟ್ಟಿಗೇ ಬಂದು ಫೋರ್ಡ್ ಸೇರಿದ್ರು, ಅವರನ್ನ ವಿಜ್ ಕಿಡ್ಸ್ ಅಂತ ಕರೀತಿದ್ರು, ರೀತ್ ಅವರಲ್ಲಿ ಒಬ್ಬರು. ಇನ್ನೊಬ್ಬರು ರಾಬರ್ಟ್ ಮೆಕ್‌ನಮಾರ, ಮುಂದೆ ಅಮೆರಿಕದ ರಕ್ಷಣಾ ಮಂತ್ರಿ, ಆಮೇಲೆ ವಿಶ್ವಬ್ಯಾಂಕ್ ಅಧ್ಯಕ್ಷರು ಆದವರು. ರೀತ್ ಫ್ರಾನ್ಸ್‌ಗೆ ಹೋಗಿ ಅಲ್ಲಿನ ಫೋರ್ಡ್ ಕಂಪನಿಯನ್ನ ಸಿಮ್ಕಾ ಅನ್ನೋ ಫ್ರೆಂಚ್ ಕಾರು ಕಂಪನಿಗೆ ಮಾರಿ ಕೈ ತೊಳ್ಕೊಂಡು ಬಂದಿದ್ರು, ಎಲ್ಲರೂ ಶಭಾಷ್ ಅಂದಿದ್ರು. ವಾಪಸ್ ಬಂದ ಮೇಲೆ ಮರ್ಕ್ಯುರಿ ಜವಾಬ್ದಾರಿ ಸಿಕ್ತು. 1957ರಲ್ಲಿ ಮರ್ಕ್ಯುರಿಗೆ ತನ್ನದೇ ಬಾಡಿ ಬಂತು, ಫೋರ್ಡ್‌ದೂ ಅಲ್ಲ ಲಿಂಕನ್‌ದೂ ಅಲ್ಲ, ಸ್ವಂತದ್ದು. ದೊಡ್ಡ ಖರ್ಚಿನ ಕೆಲಸ. ಅದರ ನೆತ್ತಿ ಮೇಲೆ ಕೂರಿಸಿದ್ದು ಟರ್ನ್‌ಪೈಕ್ ಕ್ರೂಸರ್.

ಅದಕ್ಕೂ ಮುಂಚೆ 1956ರಲ್ಲಿ ಎಕ್ಸ್‌ಎಂ ಟರ್ನ್‌ಪೈಕ್ ಕ್ರೂಸರ್ ಅಂತ ಬರೀ ಪ್ರದರ್ಶನಕ್ಕೆ ಒಂದು ಕಾರು ಮಾಡಿದ್ರು. ಬಾಗಿಲು ತೆಗೆದ್ರೆ ಮೇಲಿನ ಟಾಪಲ್ಲಿ ಚಿಟ್ಟೆ ರೆಕ್ಕೆ ಥರ ಗಾಜಿನ ಮುಚ್ಚಳ ತೆರ್ಕೊಳ್ತಿತ್ತು. ಅದನ್ನ ಗಾಜಿನ ಗೋಡೆ ಇರೋ ದೊಡ್ಡ ಟ್ರಕ್ಕಲ್ಲಿಟ್ಟು ಊರೂರು ಮೆರವಣಿಗೆ ಮಾಡಿಸಿದ್ರು. ಕರಗ ಬರೋದನ್ನ ಕಾಯೋ ಹಾಗೆ ಜನ ರಸ್ತೇಲಿ ನಿಂತು ನೋಡಿರ್ತಾರೆ ಅಂತ ನನ್ನ ಕಲ್ಪನೆ.

ಮಾರೋಕೆ ಬಂದ ಕಾರಲ್ಲಿ ಆ ರೆಕ್ಕೆ ಇರಲಿಲ್ಲ, ಆದ್ರೆ ಬೇರೆ ಏನೇನಿತ್ತು ಅಂತ ಕೇಳಿ. ಉದ್ದ 17.5 ಅಡಿ ಮೇಲೆ, ಅಗಲ ಆರೂವರೆ ಅಡಿ. ನಮ್ಮ 30x40 ಸೈಟಿನ ಮನೆ ಮುಂದೆ ಬಿಡೋ ಪಾರ್ಕಿಂಗ್ ಜಾಗಕ್ಕೆ ಇದನ್ನ ಹಾಕಿದ್ರೆ ಮೂತಿ ಗೇಟಿಂದ ಆಚೆ ರಸ್ತೇಲಿರುತ್ತೆ. ಎಂಜಿನ್ ವಿ8, 6 ಲೀಟರ್, 290 ಹಾರ್ಸ್‌ಪವರ್. ಗೇರಿಗೆ ಕೋಲಿಲ್ಲ, ಸ್ಟೀರಿಂಗ್ ಪಕ್ಕ ಡ್ಯಾಶ್‌ಬೋರ್ಡಲ್ಲಿ ಬಟನ್ ಸಾಲು, ಒತ್ತಿದ್ರೆ ಗೇರು. ಸ್ಟೀರಿಂಗ್ ಚಕ್ರದ ಮೇಲ್ಭಾಗ ಚಪ್ಪಟೆ, ರಸ್ತೆ ಚೆನ್ನಾಗಿ ಕಾಣಲಿ ಅಂತ. ಡ್ರೈವರ್ ಸೀಟಿಗೆ ಎರಡು ಡಯಲ್ಲು, ಒಂದು ಹಿಂದೆ ಮುಂದೆ, ಇನ್ನೊಂದು ಎತ್ತರ, ನಿಮ್ಮ ಅಳತೆ ಯಾವುದು ಅಂತ ತಿರುಗಿಸಿಟ್ರೆ ಸೀಟು ತಾನೇ ಅಲ್ಲಿಗೆ ಬರುತ್ತೆ, ಒಟ್ಟು 49 ಥರ ಕೂರಬಹುದು, ಕೀ ಆಫ್ ಮಾಡಿದ್ರೆ ಹಿಂದಕ್ಕೆ ಸರಿದು ಕೆಳಗಿಳಿದು ಇಳಿಯೋಕೆ ಜಾಗ ಮಾಡಿಕೊಡುತ್ತೆ. ಈಗಿನ ಮೆಮೊರಿ ಸೀಟ್ ಇದೇ ತಾನೆ. ಮತ್ತೆ ಒಂದು ಗಡಿಯಾರ, ಹೊರಡುವಾಗ ಸೊನ್ನೆಗಿಟ್ರೆ ದಾರೀಲಿ ನಿಮ್ಮ ಸರಾಸರಿ ವೇಗ ಎಷ್ಟು ಅಂತ ಹೇಳೋದು. ಉದ್ದ ರಸ್ತೆಗೇ ಮಾಡಿದ ಕಾರು ಅಂತ ಈ ಒಂದು ಗಡಿಯಾರ ನೋಡಿದ್ರೆ ಸಾಕು ಗೊತ್ತಾಗುತ್ತೆ.

ಮುಂದಿನ ಗ್ಲಾಸಿನ ಮೇಲೆ ಎರಡೂ ಮೂಲೇಲಿ ಟಾಪಿಗೆ ಸೇರಿಸಿದ ಹಾಗೆ ಎರಡು ಗಾಳಿಗೂಡು ಇತ್ತು, ಅದರಿಂದ ಒಂದೊಂದು ಆಂಟೆನಾ ಕಡ್ಡಿ ಆಚೆ ಚಾಚ್ಕೊಂಡಿರ್ತಿತ್ತು. ಗೂಡು ನಿಜ, ಅದರಿಂದ ಗಾಳಿ ಒಳಗೆ ಬರ್ತಿತ್ತು. ಕಡ್ಡಿ ಸುಳ್ಳು, ರೇಡಿಯೋಗೂ ಅದಕ್ಕೂ ಸಂಬಂಧ ಇಲ್ಲ, ಬರೀ ಅಂದಕ್ಕೆ. ನನಗೆ ಈ ಕಾರಿನ ಇಡೀ ಕಥೆ ಆ ಮೂಲೇಲೇ ಕಾಣುತ್ತೆ. ಕೆಲಸಕ್ಕೆ ಬರೋ ಒಂದು ಒಳ್ಳೇ ವಸ್ತು, ಅದರ ಪಕ್ಕದಲ್ಲೇ ಅಂಟಿಸಿದ ಒಂದು ಸುಳ್ಳು ಒಡವೆ. ಕ್ರೋಮು, ಬಂಗಾರದ ಪಟ್ಟಿ, ಬಾಣದ ಆಕಾರದ ಲೈಟು, ಎಲ್ಲಾ ಹೇರಿ ಹೇರಿ, ಮದುವೆ ಹೆಣ್ಣಿನ ಮುಖಾನೇ ಕಾಣದ ಹಾಗೆ ಒಡವೆ ಹಾಕಿಬಿಟ್ರು. ಒಳಗಿನ ಲಕ್ಷಣ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಲಕ್ಷಣ ಅಂದ್ರೆ ಹಿಂದಿನ ಗ್ಲಾಸು. ಇದು ಹೆಂಗೆ ಕೆಲಸ ಮಾಡ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಾರು ಓಡಿಸೋ ಎಲ್ಲರಿಗೂ ಇದು ಅನುಭವಕ್ಕೆ ಬಂದಿರೋದೇ. ಕಾರು ಓಡುವಾಗ ಗಾಳಿ ಮುಂದಿನ ಗ್ಲಾಸಿಗೆ ಬಡಿದು ಒತ್ತಡ ಜಾಸ್ತಿ ಆಗುತ್ತೆ, ಟಾಪ್ ಮೇಲೆ ಹಾದು ಹಿಂದಕ್ಕೆ ಹೋಗುವಾಗ ಅಲ್ಲಿ ಗಾಳಿ ಬಿಟ್ಕೊಂಡು ಒತ್ತಡ ಕಮ್ಮಿ ಆಗುತ್ತೆ. ಪಕ್ಕದ ಕಿಟಕಿ ಒಂದೇ ತೆಗೆದ್ರೆ ಏನಾಗುತ್ತೆ, ಗಾಳಿ ಬರುತ್ತೆ, ಆದ್ರೆ ಹೋಗೋಕೆ ದಾರಿ ಇಲ್ಲ, ಕಿವೀಲಿ ಬಡ ಬಡ ಸದ್ದು, ಕೂದಲು ಕೆದರುತ್ತೆ, ಹಿಂದಿನ ಸೀಟಿನ ಬಿಸಿ ಗಾಳಿ ಅಲ್ಲೇ ಸುತ್ತುತ್ತೆ. ಈಗ ಮುಂದೆ ಮೇಲಿನ ಮೂಲೆಯ ಗೂಡಿಂದ ಗಾಳಿ ಒಳಗೆ ಬಂತು, ಹಿಂದೆ ಒತ್ತಡ ಕಮ್ಮಿ ಇರೋ ಕಡೇನೇ ಗ್ಲಾಸ್ ಇಳಿಸಿದೀರಿ, ಒಳಗಿನ ಬಿಸಿ ಗಾಳಿಯನ್ನ ಹೊರಗಿನ ಗಾಳೀನೇ ಎಳ್ಕೊಂಡು ಹೋಗುತ್ತೆ. ಹಳೇ ಮನೆಗಳಲ್ಲಿ ಮುಂಬಾಗಿಲು ಹಿತ್ತಲ ಬಾಗಿಲು ಒಂದೇ ನೇರಕ್ಕೆ ಇಡ್ತಿದ್ರಲ್ಲ, ಎರಡೂ ತೆಗೆದ್ರೆ ನಡುಮನೇಲಿ ತಂಪು, ಅದೇ ಲೆಕ್ಕ. ಟಾಪಿನ ಹಿಂದಿನ ಅಂಚನ್ನ ಗ್ಲಾಸಿಗಿಂತ ಆಚೆಗೆ ಚಾಚಿ ಸೂರಿನ ಥರ ಮಾಡಿದ್ರು, ಬಿಸಿಲು ನೇರ ಗ್ಲಾಸಿಗೆ ಬೀಳಲ್ಲ, ಕತ್ತು ಸುಡಲ್ಲ. ಆ ಸೂರನ್ನ ನೋಡಿದಾಗ್ಲೇ ನನಗೆ ಅನ್ನಿಸಿದ್ದು, ಇದನ್ನ ಗೀಚಿದವರು ಯಾರೋ ಬೇಸಿಗೆಯಲ್ಲಿ ಹಿಂದಿನ ಸೀಟಲ್ಲಿ ಕೂತು ಬೆವತವರೇ ಇರಬೇಕು ಅಂತ. ಎಸಿ ಆಗಲೇ ಅಮೆರಿಕದ ಕಾರುಗಳಿಗೆ ಬಂದಿತ್ತು, ಆದ್ರೆ ಬೆಲೆ ಜಾಸ್ತಿ, ಬಹಳ ಜನ ಹಾಕಿಸ್ತಿರಲಿಲ್ಲ.

ಜೆ.ಸಿ. ರೋಡ್ ಹಿಂದಿನ ಗಲ್ಲಿಯಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ, ಅವರಿಗೆ ಈ ಫೋಟೋ ತೋರಿಸಿದ್ದೆ. ಗ್ರೀಸ್ ಕೈ ಬಟ್ಟೇಲಿ ಒರೆಸ್ಕೊಂಡು ತುಂಬಾ ಹೊತ್ತು ನೋಡಿದ್ರು. "ಐಡಿಯಾ ಸೂಪರ್ ಅಣ್ಣ, ಆದ್ರೆ ಅಷ್ಟು ಅಗಲದ ಗ್ಲಾಸ್ ಚಾನೆಲಲ್ಲಿ ನೆಟ್ಟಗೆ ಇಳೀಬೇಕು, ಒಂದು ಕಡೆ ರಬ್ಬರ್ ಹೋದ್ರೂ ಓರೆ ಆಗುತ್ತೆ, ಆಮೇಲೆ ನೀರೆಲ್ಲ ಡಿಕ್ಕಿಗೇ" ಅಂದ್ರು. ಒಬ್ಬ ಮೆಕ್ಯಾನಿಕ್ ಫೋಟೋ ನೋಡಿ ಒಂದೇ ನಿಮಿಷದಲ್ಲಿ ಹೇಳಿದ್ದು ಇದು. ಇಷ್ಟೆಲ್ಲ ಮೋಟರು, ವೈರು, ಸ್ವಿಚ್ಚು ಒಂದೇ ಗಾಡೀಲಿ ತುರುಕಿದಾಗ ರಿಪೇರಿ ಮಾಡೋನ ಕಷ್ಟ ಏನಿರುತ್ತೆ ಅಂತ ಅವರ ಮುಖದಲ್ಲೇ ಕಂಡೆ.

ಕಾರಿಗೆ ದೊಡ್ಡ ದಿನ ಅಂದ್ರೆ 1957ರ ಮೇ 30. ಇಂಡಿಯಾನಾಪೊಲಿಸ್ 500 ರೇಸಿಗೆ ಪೇಸ್ ಕಾರ್ ಆಗಿ ಇದನ್ನೇ ಆರಿಸಿದ್ರು, ಅಂದ್ರೆ ರೇಸ್ ಶುರುವಿಗೆ ಮುಂಚೆ ಎಲ್ಲಾ ರೇಸ್ ಕಾರುಗಳ ಮುಂದೆ ಹೋಗಿ ಸಾಲು ಹಿಡಿಸೋ ಕಾರು, ಅಮೆರಿಕದಲ್ಲಿ ಅದಕ್ಕೆ ಬಹಳ ಗೌರವ. ಟಾಪ್ ಮಡಚೋ ಕನ್ವರ್ಟಿಬಲ್, ಹಳದಿ ಬಣ್ಣ. ಅದನ್ನ ಓಡಿಸಿದ್ದು ಬೇರೆ ಯಾರೂ ಅಲ್ಲ, ಜ್ಯಾಕ್ ರೀತ್ ಅವರೇ. ಲಕ್ಷಾಂತರ ಜನ ಸೇರಿರೋ ಮೈದಾನ, ಹಿಂದೆ 33 ರೇಸ್ ಕಾರು ಗುರ್ ಅಂತಿವೆ, ತಾನು ಕಟ್ಟಿಸಿದ ಕಾರಿನ ಸ್ಟೀರಿಂಗ್ ತನ್ನ ಕೈಲಿ. ಆ ರೇಸ್ ಗೆದ್ದ ಸ್ಯಾಮ್ ಹ್ಯಾಂಕ್ಸ್ ಅವತ್ತೇ ಇನ್ನು ಸಾಕು ಅಂತ ಹೇಳಿ ನಿವೃತ್ತಿ ಘೋಷಿಸಿದ್ರು. ರೀತ್‌ಗೆ ಆ ಭಾಗ್ಯ ಇರಲಿಲ್ಲ, ಗೆದ್ದಾಗ ನಿಲ್ಲಿಸೋದು. ಕೆಲವೇ ತಿಂಗಳಲ್ಲಿ, ಅದೇ ವರ್ಷ, ಅವರ ಕೈಯಿಂದ ಮರ್ಕ್ಯುರಿ ಹೋಯ್ತು, ಫೋರ್ಡ್ ಬಿಟ್ಟು ಬೇರೆ ಕಂಪನಿ ಸೇರಿದ್ರು, 1960ರಲ್ಲಿ ತೀರಿಕೊಂಡ್ರು, ಇನ್ನೂ ಐವತ್ತು ತುಂಬಿರಲಿಲ್ಲ. ಅವರ ಆ ಒಂದು ಸುತ್ತಿನ ಬಗ್ಗೆ ನಾನು ಎಷ್ಟು ಸಲ ಯೋಚನೆ ಮಾಡಿದೀನೋ.

ಯಾಕೆ ಬಿತ್ತು ಅಂದ್ರೆ ಮೊದಲನೇದು ಬೆಲೆ. ಹತ್ತಿರ 3,800 ಡಾಲರ್, ಕನ್ವರ್ಟಿಬಲ್ ಆದ್ರೆ 4,100. ಅದೇ ಕಂಪನಿಯ ಫೋರ್ಡ್ ಫೇರ್‌ಲೇನ್ 2,300 ಡಾಲರ್ ಆಸುಪಾಸಿಗೆ ಸಿಗ್ತಿತ್ತು. ಮರ್ಕ್ಯುರಿ ಅಂದ್ರೆ ಮಧ್ಯಮ ವರ್ಗದ ಕಾರು ಅಂತ ಇಪ್ಪತ್ತು ವರ್ಷ ಜನರ ಮನಸ್ಸಲ್ಲಿ ಕೂತಿರೋವಾಗ ಅಷ್ಟು ದುಡ್ಡು ಕೊಡೋರು ಇನ್ನೊಂದು ಸ್ವಲ್ಪ ಹಾಕಿ ಇನ್ನೂ ದೊಡ್ಡ ಹೆಸರಿನ ಕಾರಿಗೇ ಹೋಗ್ತಾರೆ. ಎರಡನೇದು ಅದೇ ವರ್ಷ ಕ್ರೈಸ್ಲರ್ ಕಂಪನಿ ತೆಳ್ಳಗೆ, ತಗ್ಗಿಗೆ, ರೆಕ್ಕೆ ಎತ್ತಿದ ಹಾಗೆ ಇರೋ ಕಾರುಗಳನ್ನ ಬಿಟ್ಟಿತ್ತು, ಅದರ ಮುಂದೆ ಇದು ಭಾರವಾಗಿ ಕಾಣ್ತು. ಮೂರನೇದು ಮನೆಯೊಳಗಿನ ಪೆಟ್ಟು, 1957ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಎಡ್ಸೆಲ್ ಅಂತ ಇನ್ನೊಂದು ಬ್ರ್ಯಾಂಡ್ ತಂತು, ಅದೂ ಅದೇ ಮಧ್ಯಮ ವರ್ಗದ ಗಿರಾಕಿಗೇ, ಅದರ ದೊಡ್ಡ ಮಾಡೆಲ್‌ಗಳಿಗೆ ಮರ್ಕ್ಯುರಿ ಬಾಡೀನೇ ಹಾಕಿದ್ರು. ಎಡ್ಸೆಲ್ ಸೋಲಿನ ಕಥೆ ಎಲ್ಲರಿಗೂ ಗೊತ್ತು, ಪುಸ್ತಕಗಳಲ್ಲಿ ಪಾಠವಾಗಿದೆ, ಅದರ ನೆರಳಲ್ಲಿ ಈ ಕಾರಿನ ಹೆಸರು ಮುಚ್ಚಿಹೋಯ್ತು. ಅದು ನನಗೆ ನಿಜವಾಗ್ಲೂ ಬೇಜಾರು.

ಎಲ್ಲಕ್ಕಿಂತ ದೊಡ್ಡ ಹೊಡೆತ ಕಾಲದ್ದು. 1957ರ ಆಗಸ್ಟ್‌ನಿಂದ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಶುರುವಾಯ್ತು, 1958ರ ಏಪ್ರಿಲ್ ತನಕ. ಜನ ದೊಡ್ಡ ಕಾರು ತಗೊಳ್ಳೋದು ಬಿಟ್ರು, ರಾಂಬ್ಲರ್ ಥರ ಸಣ್ಣ ಕಾರಿನವರ ಮಾರಾಟ ಏರ್ತು, ಮರ್ಕ್ಯುರಿ ಮಾರಾಟ ಒಂದೇ ವರ್ಷದಲ್ಲಿ ಹತ್ತಿರ ಅರ್ಧಕ್ಕೆ ಇಳೀತು. ಟರ್ನ್‌ಪೈಕ್ ಕ್ರೂಸರ್ ಮೊದಲ ವರ್ಷ 17,000ಕ್ಕೆ ಸ್ವಲ್ಪ ಕಮ್ಮಿ ಆಗಿತ್ತು, ಅದರಲ್ಲಿ ಕನ್ವರ್ಟಿಬಲ್ ಬರೀ 1,265. ಎರಡನೇ ವರ್ಷ ಅದರ ಸ್ವಂತ ಸ್ಥಾನ ಕಿತ್ತು ಮಾಂಟ್‌ಕ್ಲೇರ್ ಅನ್ನೋ ಸಾಲಿನ ಕೆಳಗೆ ಸೇರಿಸಿದ್ರು, ಮೇಲೆ ಪಾರ್ಕ್ ಲೇನ್ ಅಂತ ಹೊಸ ಮಾಡೆಲ್ ಬಂತು. 7 ಲೀಟರಿನ 400 ಹಾರ್ಸ್‌ಪವರ್ ಎಂಜಿನ್ ಬೇಕಾದ್ರೂ ಹಾಕಿಸ್ಕೊಳ್ಳಿ ಅಂದ್ರು. ಆದ್ರೂ 6,400 ಚಿಲ್ಲರೆ. 1959ರ ಪಟ್ಟಿಯಲ್ಲಿ ಹೆಸರೇ ಇಲ್ಲ. ಎಲ್ಲಾ ಸೇರಿ 23,000 ಚಿಲ್ಲರೆ ಕಾರು.

ಇದೇ 1957ರ ಸುಮಾರಿಗೆ ನಮ್ಮಲ್ಲಿ ಕೋಲ್ಕತ್ತಾ ಹತ್ರದ ಉತ್ತರಪಾರಾದಲ್ಲಿ ಅಂಬಾಸಿಡರ್ ಶುರುವಾಗಿದ್ದು ಅನ್ನೋದು ನನ್ನ ತಲೇಲಿ ಯಾವಾಗ್ಲೂ ಕೂತಿರುತ್ತೆ. ಒಂದು ಎರಡು ವರ್ಷ, ಇನ್ನೊಂದು 2014ರ ತನಕ. ನಮ್ಮ ದೇಶಕ್ಕೆ ಕ್ರೂಸರ್ ಥರದ್ದು ಬರೋ ದಾರೀನೇ ಆಗ ಮುಚ್ಚಿತ್ತು. ಮುಂಬೈನಲ್ಲಿ 1928ರಿಂದ ಷೆವರ್ಲೆ ಜೋಡಿಸ್ತಿದ್ದ ಜನರಲ್ ಮೋಟರ್ಸ್ 1954ಕ್ಕೆ ಬಾಗಿಲು ಹಾಕಿತ್ತು, ಇಲ್ಲೇ ತಯಾರು ಮಾಡೋದಾದ್ರೆ ಇರಿ ಇಲ್ಲಾಂದ್ರೆ ಬೇಡ ಅನ್ನೋದು ಸರ್ಕಾರದ ನೀತಿ. ಕುರ್ಲಾದಲ್ಲಿ ಪ್ರೀಮಿಯರ್‌ನವರು ಡಾಡ್ಜ್, ಪ್ಲಿಮತ್ ಜೋಡಿಸ್ತಿದ್ರು, ಹಾಗಾಗಿ ನಮ್ಮೂರಿನ ಹಳಬರ ಬಾಯಲ್ಲಿ ಆ ಹೆಸರು ಉಳಿದಿದೆ, ಇಂಪಾಲ ಹೆಸರಂತೂ ಎಲ್ಲರ ಬಾಯಲ್ಲೂ. ಮರ್ಕ್ಯುರಿ ಅಂದ್ರೆ ಥರ್ಮಾಮೀಟರಾ ಅಂತಾರೆ. ಆಗಿನ ಲೆಕ್ಕದಲ್ಲಿ ಡಾಲರಿಗೆ 4 ರೂಪಾಯಿ 76 ಪೈಸೆ, ಅಂದ್ರೆ ಕಾರಿನ ಅಲ್ಲಿನ ಬೆಲೆ ಹದಿನೆಂಟು ಸಾವಿರ ರೂಪಾಯಿ.

ಆದ್ರೆ ಗ್ಲಾಸ್ ಸಾಯಲಿಲ್ಲ. ಇದು ನನಗೆ ತುಂಬಾ ಖುಷಿ ಕೊಡೋ ಭಾಗ. ಬಟನ್ ಗೇರ್ ಹೋಯ್ತು, ಸುಳ್ಳು ಆಂಟೆನಾ ಹೋಯ್ತು, ಬಂಗಾರದ ಪಟ್ಟಿ ಹೋಯ್ತು, 49 ಥರದ ಸೀಟೂ ಹೋಯ್ತು. 1963ರಲ್ಲಿ ಮರ್ಕ್ಯುರಿಯವರು ಸುಮ್ಮನೆ ಆ ಹಳೇ ಗ್ಲಾಸನ್ನ ವಾಪಸ್ ತಂದ್ರು, ಬ್ರೀಜ್‌ವೇ ಅಂತ ಹೆಸರಿಟ್ಟು, ಗ್ಲಾಸನ್ನ ಒಳಮುಖವಾಗಿ ಓರೆ ಮಾಡಿ ಮಳೆ ನೀರು ನಿಲ್ಲದ ಹಾಗೆ ಕೂರಿಸಿ, ಮಾಂಟೆರೇ ಅನ್ನೋ ಸಾಮಾನ್ಯ ಕಾರಿಗೂ ಕೊಟ್ರು. ಕೆಲವು ವರ್ಷ ಚೆನ್ನಾಗೇ ನಡೀತು. ಆಮೇಲೆ ಎಸಿ ಅಗ್ಗ ಆಯ್ತು, ಎಲ್ಲರೂ ಗ್ಲಾಸ್ ಏರಿಸಿ ಕೂರೋಕೆ ಶುರು ಮಾಡಿದ್ರು. ಮರ್ಕ್ಯುರಿ ಬ್ರ್ಯಾಂಡನ್ನೇ ಫೋರ್ಡ್ 2010ರಲ್ಲಿ ಮುಚ್ಚೋದಾಗಿ ಹೇಳ್ತು, ಕೊನೇ ಕಾರು ಬಂದಿದ್ದು 2011ರ ಜನವರಿಯಲ್ಲಿ.

ಮದುವೆ ಮುಗಿಸಿ ವಾಪಸ್ ಬಂದ ಮೇಲೆ ಆ ಜಾಹೀರಾತು ಹುಡುಕಿ ತೆಗೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದ್ರು. ನಾನು ಗ್ಲಾಸ್ ತೋರಿಸಿ ಎಲ್ಲಾ ವಿವರಿಸಿದೆ, ಮೇಲಿನ ಗೂಡು, ಒತ್ತಡ, ಸೂರು. ಎಲ್ಲಾ ಕೇಳಿದ್ರು.

"ಧೂಳು?" ಅಂದ್ರು.

"ಅಲ್ಲಿ ಟಾರ್ ರೋಡಪ್ಪ, ಕಾಂಕ್ರೀಟು. ಧೂಳಿರಲಿಲ್ಲ."

"ಹಂಗಾದ್ರೆ ಆ ರೋಡಿಗೆ ಸರಿ. ನಮ್ಮ ಆವಾಗಿನ ರೋಡಲ್ಲಿ ಹಿಂದಿನ ಗ್ಲಾಸ್ ಇಳಿಸಿದ್ರೆ ಚಕ್ರದ ಧೂಳೆಲ್ಲ ಒಳಗೇ ಎಳ್ಕೊಳ್ಳೋದು." ನನಗೆ ಇಷ್ಟು ವರ್ಷದಲ್ಲಿ ಇದು ಹೊಳೆದೇ ಇರಲಿಲ್ಲ. ಹಿಂದೆ ಒತ್ತಡ ಕಮ್ಮಿ ಇರುತ್ತೆ ಅಂತ ನಾನೇ ವಿವರಿಸಿದ್ದು, ಆ ಕಮ್ಮಿ ಒತ್ತಡದ ಜಾಗಕ್ಕೇ ತಾನೆ ಧೂಳೂ ಎದ್ದು ಬರೋದು. ಮಣ್ಣಿಗೆ ಚಕ್ರ ಇಳಿಸಿ ಇಳಿಸಿ ಓಡಿಸಿದವರಿಗೆ ಅದು ಫೋಟೋದಲ್ಲೇ ಕಂಡಿತ್ತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ್ರು, "ಸ್ವಿಚ್ ಯಾರ ಕೈಲಿರುತ್ತೆ?"

"ಡ್ರೈವರ್ ಕೈಲಿ."

ತಲೆ ಆಡಿಸಿದ್ರು. ಆಮೇಲೆ ಪತ್ರಿಕೆ ಮಡಚದೆ ಹಾಗೇ ಹಿಡ್ಕೊಂಡು ಅಡುಗೆಮನೆ ಕಡೆಗೆ ಹೋದ್ರು, "ನೋಡೇ ಇಲ್ಲಿ, ಇಂಥದ್ದು ಒಂದು ಗಾಡಿ ಇತ್ತಂತೆ, ಹಿಂದಿನ ಗ್ಲಾಸು ಪೂರ್ತಿ ಇಳಿಯೋದಂತೆ" ಅಂತ ಅಮ್ಮನಿಗೆ ಹೇಳೋದು ಕೇಳಿಸ್ತು.